ಜಾಫ್ನಾ, ಪೆನಾಂಗ್, ಹುಯೆ: ಇಬ್ಬರೂ ಒಟ್ಟಿಗೆ ಕೂತು ಉಣ್ಣುವ ಊರನ್ನು ಆರಿಸುವ ಬಗೆ

ಗೆಳೆಯರಿಬ್ಬರು ಸೇರಿ ಹೊರದೇಶಕ್ಕೆ ಹೊರಡುವಾಗ ಮೊದಲು ನೋಡುವುದು ವಿಮಾನದ ದರ, ಆಮೇಲೆ ವೀಸಾ, ಆಮೇಲೆ ನೋಡಬೇಕಾದ ಸ್ಥಳಗಳ ಪಟ್ಟಿ. ಊಟದ ವಿಚಾರ ಬರುವುದು ಕಡೆಯಲ್ಲಿ, ಅದೂ "ಏನಾದರೂ ಸಿಕ್ಕೇ ಸಿಗುತ್ತದೆ ಬಿಡು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಅನ್ಯನಾಡಿನ ಊಟವನ್ನೂ ಬದುಕನ್ನೂ ತಿಳಿಯಲೆಂದೇ ಹೋಗುವವರಿಗೆ ಈ ಕ್ರಮ ಸರಿಹೋಗುವುದಿಲ್ಲ. ಅಂಥ ಪ್ರವಾಸದಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಇಬ್ಬರೂ ಒಂದೇ ಮೇಜಿನ ಎದುರು ಕೂರುತ್ತೀರಿ. ಒಬ್ಬರು ತೃಪ್ತಿಯಿಂದ ಉಣ್ಣುತ್ತಿರುವಾಗ ಇನ್ನೊಬ್ಬರು ಬರಿಯ ಅನ್ನಕ್ಕೆ ಸೌತೆಕಾಯಿ ನಂಜಿಕೊಳ್ಳುವಂತಾದರೆ ಎರಡನೆಯ ದಿನಕ್ಕೇ ಮಾತು ಕಡಿಮೆಯಾಗುತ್ತದೆ.

ಆದ್ದರಿಂದ ನಾನು ಊರನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ನಮ್ಮಿಬ್ಬರ ತಟ್ಟೆ ಬೇರೆ ಬೇರೆಯಾಗಿದ್ದರೂ ಒಂದೇ ಜಾಗದಲ್ಲಿ ಕೂತು, ಅಲ್ಲಿನವರು ಉಣ್ಣುವುದನ್ನೇ ನಾವೂ ಉಣ್ಣಬಹುದೇ? ನಾನು ಸಸ್ಯಾಹಾರಿ. ನನ್ನೊಡನೆ ಬರುವ ಗೆಳತಿ ಕುಂದಾಪುರದ ಕಡೆಯವಳು; ಮೀನಿಲ್ಲದ ಊಟ ಅವಳ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ ಇಂಥ ಸ್ನೇಹಗಳು ಎಲ್ಲೆಡೆ ಇವೆ. ಒಬ್ಬ ಜೈನ, ಒಬ್ಬ ಕೊಡವ. ಒಬ್ಬಳು ಹಲಾಲ್ ಮಾತ್ರ ತಿನ್ನುವವಳು, ಇನ್ನೊಬ್ಬಳು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವಳು. ಇಂಥ ಜೋಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಮೂರು ದಿಕ್ಕುಗಳನ್ನು ಹೋಲಿಸುತ್ತೇನೆ: ಶ್ರೀಲಂಕಾ, ಅದರಲ್ಲೂ ಉತ್ತರದ ಜಾಫ್ನಾ, ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್, ಮಧ್ಯ ವಿಯೆಟ್ನಾಮಿನ ಹುಯೆ ಮತ್ತು ಹೊಯಿ ಆನ್. ಮೂರೂ ನಮಗೆ ತೀರ ದೂರದವಲ್ಲ. ಮೂರರಲ್ಲೂ ಊಟದ ಹಿಂದೆ ದೊಡ್ಡ ಚರಿತ್ರೆ ಇದೆ. ಆದರೆ ಮೂರೂ ಒಂದೇ ಜೋಡಿಗೆ ಹೊಂದುವುದಿಲ್ಲ.

ಶ್ರೀಲಂಕಾ: ನಾಲ್ಕು ಪಲ್ಯ ಇಬ್ಬರಿಗೂ, ಒಂದು ಮಾತ್ರ ಬೇರೆ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರದ ಮುಳ್ಳು ತಿರುಗಿಸಬೇಕಾಗಿಲ್ಲ. ಮೊದಲ ಸಲ ಹೊರದೇಶಕ್ಕೆ ಹೋಗುವ ಇಬ್ಬರಿಗೆ ಇದರಷ್ಟು ಸಲೀಸಾದ ದಾರಿ ಬೇರೆಯಿಲ್ಲ.

ಮಧ್ಯಾಹ್ನದ ಅನ್ನ ಮತ್ತು ಪಲ್ಯಗಳ ಊಟ ಶ್ರೀಲಂಕಾದ ಜೀವಾಳ. ಅನ್ನದ ಸುತ್ತ ತೆಂಗಿನ ಹಾಲಿನಲ್ಲಿ ಬೆಂದ ಬೇಳೆ, ಬೀಟ್‌ರೂಟ್ ಅಥವಾ ಬದನೆ, ಸಣ್ಣಗೆ ಹೆಚ್ಚಿದ ಸೊಪ್ಪಿಗೆ ತೆಂಗಿನತುರಿ ಬೆರೆಸಿ ಬಿಸಿಮಾಡಿದ ಮಲ್ಲುಂ, ಪೊಲೊಸ್ ಎನ್ನುವ ಎಳೆ ಹಲಸಿನ ಪಲ್ಯ, ಒಂದು ಹಪ್ಪಳ. ಇವುಗಳ ಜೊತೆಗೆ ಮೀನು ಅಥವಾ ಕೋಳಿ. ಸಸ್ಯಾಹಾರಿಯ ತಟ್ಟೆಗೂ ಮೀನು ತಿನ್ನುವವರ ತಟ್ಟೆಗೂ ಇಲ್ಲಿ ಇರುವುದು ಒಂದೇ ಒಂದು ಬಟ್ಟಲಿನ ಅಂತರ. ಉಳಿದದ್ದೆಲ್ಲ ಇಬ್ಬರಿಗೂ ಒಂದೇ. "ಆ ಗುಜ್ಜೆ ಪಲ್ಯ ಹೇಗಿದೆ ನೋಡು" ಎಂದು ಇಬ್ಬರೂ ಒಂದೇ ತುತ್ತಿನ ಬಗ್ಗೆ ಮಾತಾಡಬಹುದು. ಬೇರೆ ಬೇರೆ ಆಹಾರ ಪದ್ಧತಿಯ ಇಬ್ಬರು ಗೆಳೆಯರಿಗೆ ಇದಕ್ಕಿಂತ ಹೊಂದುವ ಊಟದ ರಚನೆಯನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ ಬೇಕು. ಒಣಗಿಸಿದ ಟೂನಾ ಮೀನಿನ ಚೂರು, ಅಲ್ಲಿನವರು ಉಂಬಲಕಡ ಎನ್ನುವುದು, ಸಿಂಹಳ ಅಡುಗೆಯಲ್ಲಿ ಕಣ್ಣಿಗೆ ಬೀಳದಂತೆ ಸೇರಿಕೊಳ್ಳುತ್ತದೆ. ತೆಂಗಿನಕಾಯಿ ತುರಿಯ ಪೊಲ್ ಸಂಬೋಲ್‌ನಲ್ಲಿ ಅದು ಇರುವುದೇ ಹೆಚ್ಚು. ಕೆಲವು ಕಡೆ ಬೇಳೆಗೂ ಹಾಕುತ್ತಾರೆ. ಆದ್ದರಿಂದ "ಮಾಂಸ ಬೇಡ, ಮೀನು ಬೇಡ" ಎಂದಷ್ಟೇ ಹೇಳಿ ಬಿಡಬೇಡಿ. ಉಂಬಲಕಡ ಇದೆಯೇ ಎಂದು ಹೆಸರು ಹಿಡಿದೇ ಕೇಳಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ವ್ರತದ ದಿನ ಅದನ್ನು ಬಿಡುವವರು ಅಲ್ಲಿಯೂ ಇದ್ದಾರೆ.

ಜಾಫ್ನಾಕ್ಕೆ ಹೋದರೆ ಈ ಚಿಂತೆಯೂ ಕಡಿಮೆ. ತಮಿಳು ಶೈವರ ಊರು ಅದು. ಸೈವ ಕಡೈ ಎಂದು ಹಲಗೆ ತೂಗಿದ ಅಂಗಡಿಗಳಲ್ಲಿ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ದೋಸೆ, ಇಡಿಯಪ್ಪ, ಉದ್ದಿನ ವಡೆ ಎಂದಾಗ ನಮ್ಮದೇ ತಿಂಡಿ ಅನ್ನಿಸಬಹುದು. ಆದರೆ ಇಡಿಯಪ್ಪದ ಜೊತೆ ಬರುವ ತೆಂಗಿನ ಹಾಲಿನ ತಿಳಿಯಾದ ಸೊದಿ, ಹುರಿದ ಮೆಣಸಿನ ಪುಡಿಯ ಆ ಕಡುಖಾರ, ತಾಳೆಯ ಮರದಿಂದ ಹುಟ್ಟುವ ಬೆಲ್ಲ, ಒಣಗೆಣಸು, ಹಿಟ್ಟು ಇವೆಲ್ಲ ಆ ಒಣನೆಲದ ಸ್ವಂತ ರುಚಿ. ಮೀನು ತಿನ್ನುವವರಿಗೆ ಜಾಫ್ನಾದ ಏಡಿ ಸಾರು ಸಾಕಷ್ಟು ಪ್ರಸಿದ್ಧ. ಅದಕ್ಕಿಂತ ಹೆಚ್ಚಾಗಿ ತಿಳಿಯಬೇಕಾದದ್ದು ಕೂಳ್. ತಾಳೆಯ ಮೊಳಕೆಯ ಹಿಟ್ಟಿನಲ್ಲಿ ಮೀನು, ಏಡಿ, ಸೀಗಡಿ, ಮರಗೆಣಸು, ಸೊಪ್ಪು ಎಲ್ಲವನ್ನೂ ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸುವ ಗಂಜಿ ಅದು. ಮನೆಯವರೆಲ್ಲ ಸುತ್ತ ಕೂತು ಕುಡಿಯುವಂಥದ್ದು. ಹೋಟೆಲುಗಳಲ್ಲಿ ದಿನವೂ ಸಿಗುವುದಿಲ್ಲ. ಉಳಿದುಕೊಂಡ ಮನೆಯವರನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ನಲ್ಲೂರಿನ ಕಂದಸ್ವಾಮಿ ದೇವಸ್ಥಾನದ ಉತ್ಸವ ಜುಲೈ-ಆಗಸ್ಟ್ ಹೊತ್ತಿಗೆ 25 ದಿನ ನಡೆಯುತ್ತದೆ. ಒಳಗೆ ಹೋಗುವ ಗಂಡಸರು ಅಂಗಿ ಕಳಚಲೇಬೇಕು. ಆ ದಿನಗಳಲ್ಲಿ ಅನೇಕ ಮನೆಗಳಲ್ಲಿ ಮಾಂಸ-ಮೀನು ಬಿಡುತ್ತಾರೆ. ಹಾಗಾಗಿ ಆಗ ಹೋದರೆ ಸಸ್ಯಾಹಾರಿಗೆ ಊರೆಲ್ಲ ತೆರೆದಿರುತ್ತದೆ, ಜೊತೆಗಾರರು ಏಡಿಗಾಗಿ ಸ್ವಲ್ಪ ಹುಡುಕಬೇಕಾಗುತ್ತದೆ. ಊರಿನ ಬಿಳಿ ಗ್ರಂಥಾಲಯಕ್ಕೂ ಹೋಗಿ. 1981ರಲ್ಲಿ ಸುಟ್ಟುಹೋದ ಆ ಕಟ್ಟಡದೊಡನೆ ತಾಳೆಗರಿಯ ಹಸ್ತಪ್ರತಿಗಳೂ ಸೇರಿ ಸಾವಿರಾರು ಗ್ರಂಥಗಳು ಬೂದಿಯಾದವು. ಈಗಿರುವುದು ಮತ್ತೆ ಕಟ್ಟಿದ್ದು. ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡೆದ ಅಂತರ್ಯುದ್ಧ ಮುಗಿದದ್ದು 2009ರಲ್ಲಿ. ನಿಮ್ಮ ವಯಸ್ಸಿನವರೇ ಅದನ್ನು ಕಂಡು ಬದುಕಿದವರು. ಊಟ ಬಡಿಸುತ್ತ ಅವರಾಗಿಯೇ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಮಲೆನಾಡಿನವರಿಗೂ ಉತ್ತರ ಕನ್ನಡದವರಿಗೂ ಶ್ರೀಲಂಕಾದಲ್ಲಿ ಇನ್ನೊಂದು ಸಂತೋಷ ಕಾದಿದೆ. ಅಂಬುಲ್ ತಿಯಲ್ ಎಂಬ ಕಪ್ಪನೆಯ ಹುಳಿ ಮೀನಿಗೆ ಹಾಕುವ ಗೊರಕ ನಮ್ಮ ಉಪ್ಪಾಗೆಯೇ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿನ ಮೇಲೆ ಸುರಿಯುವ ಕಿತುಲ್ ಪಾಕ ನಮ್ಮ ಬೈನೆ ಮರದ್ದು. ಕಿತುಲ್ ಪಾಕ ಸಸ್ಯಾಹಾರಿಗೂ ಸಲ್ಲುತ್ತದೆ, ಮತ್ತು ಅದನ್ನು ಮೊಸರಿನೊಡನೆ ತಿನ್ನದೆ ವಾಪಸಾಗಬಾರದು.

ಕೊರತೆ ಎಂದರೆ ಸಂಜೆ. ಕತ್ತಲಾದ ಮೇಲೆ ಬಿಸಿ ಆಪ್ಪ, ರೊಟ್ಟಿಯನ್ನು ಕೊಚ್ಚಿ ಹುರಿದ ಕೊತ್ತು ರೊಟ್ಟಿ ಬಿಟ್ಟರೆ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ, ಅಂಗಡಿಗಳು ಬೇಗ ಮುಚ್ಚುತ್ತವೆ. ರಾತ್ರಿ ಹನ್ನೊಂದರವರೆಗೆ ಬೀದಿ ಸುತ್ತಿ ತಿನ್ನುವ ಆಸೆಯಿದ್ದವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಪೂರ್ತಿ ಅಪರಿಚಿತವಾದ ರುಚಿಯನ್ನು ಅರಸಿ ಹೊರಟವರಿಗೂ ಶ್ರೀಲಂಕಾ ತೀರ ಹತ್ತಿರದ ಮನೆಯಾಯಿತು.

ಪೆನಾಂಗ್: ಒಬ್ಬರು ಮೇಜು ಕಾಯಿರಿ, ಒಬ್ಬರು ತನ್ನಿ

1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಇಂಗ್ಲಿಷ್ ವ್ಯಾಪಾರಿ ಈಸ್ಟ್ ಇಂಡಿಯಾ ಕಂಪನಿಗಾಗಿ ಪೆನಾಂಗಿನಲ್ಲಿ ಬಂದರು ತೆರೆದ. ಮುಂದೆ ದಕ್ಷಿಣ ಚೀನಾದಿಂದ, ತಮಿಳು ಕರಾವಳಿಯಿಂದ, ಸುಮಾತ್ರಾದಿಂದ ಜನ ಬಂದು ನೆಲೆಸಿದರು. ಒಂದೇ ಬೀದಿಯಲ್ಲಿ, ಕೆಲವೇ ನಿಮಿಷಗಳ ನಡಿಗೆಯಲ್ಲಿ, 1818ರ ಸೇಂಟ್ ಜಾರ್ಜ್ ಚರ್ಚು, ಗುವಾನ್ ಯಿನ್ ದೇವಿಯ ಚೀನೀ ಗುಡಿ, ಈ ಬೀದಿಗೆ ಬೆನ್ನು ಮಾಡಿ ಹಿಂದಿನ ಬೀದಿಗೆ ತೆರೆಯುವ ಮಹಾಮಾರಿಯಮ್ಮನ ದೇವಸ್ಥಾನ, ಆಚೆ ಕಪಿತಾನ್ ಕೆಲಿಂಗ್ ಮಸೀದಿ ಸಿಗುತ್ತವೆ. 2008ರಲ್ಲಿ ಮಲಾಕಾದ ಜೊತೆಗೆ ಜಾರ್ಜ್ ಟೌನ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಈ ಸಹಬಾಳ್ವೆಯ ಕಾರಣಕ್ಕೂ ಹೌದು.

ಊಟದಲ್ಲಿಯೂ ಅದೇ ಬೆರಕೆ. ಸಂಜೆಯಾದಂತೆ ಲೋರೊಂಗ್ ಬಾರು, ಚುಲಿಯಾ ಬೀದಿ, ಗರ್ನಿ ಡ್ರೈವ್‌ಗಳಲ್ಲಿ ಸಾಲು ಅಂಗಡಿಗಳು ಒಲೆ ಹಚ್ಚುತ್ತವೆ. ಒಂದೊಂದು ಅಂಗಡಿಯಲ್ಲಿ ಒಂದೇ ತಿನಿಸು. ಅದನ್ನೇ ಮಾಡಿ ಮಾಡಿ ಕೈ ಪಳಗಿದವರು. ಚಾರ್ ಕ್ವೇ ತಿಯಾವ್: ಉರಿಯುವ ಬೆಂಕಿಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಅಗಲವಾದ ಅಕ್ಕಿ ಶಾವಿಗೆಯನ್ನು ಸೀಗಡಿ, ಮೊಟ್ಟೆ, ಮೊಳಕೆಕಾಳಿನೊಡನೆ ಎಸೆದೆಸೆದು ಹುರಿಯುತ್ತಾರೆ. ಅಸಾಮ್ ಲಕ್ಸಾ ಹುಣಿಸೆ ಹುಳಿಯ ಮೀನು ಸಾರು. ಪುದೀನ, ಅನಾನಸ್, ಕಾಡುಶುಂಠಿಯ ಜಾತಿಯ ಒಂದು ಹೂವಿನ ಮೊಗ್ಗು ಅದರ ಮೇಲೆ. ಕುಂದಾಪುರದ ನನ್ನ ಗೆಳತಿಯಂಥವರು ಈ ಸಾರಿಗೆ ಒಂದೇ ತುತ್ತಿನಲ್ಲಿ ಸೋಲುತ್ತಾರೆ. ತಮಿಳು ಮುಸ್ಲಿಮರ ನಾಸಿ ಕಂದಾರ್ ಹಿಂದೆ ಹೆಗಲ ಮೇಲಿನ ಅಡ್ಡಗೋಲಿಗೆ ಬುಟ್ಟಿಗಳನ್ನು ತೂಗುಹಾಕಿಕೊಂಡು ಮಾರುತ್ತಿದ್ದ ಅನ್ನ. ಈಗ ಅಂಗಡಿಯಲ್ಲಿ ನಿಂತು ಐದಾರು ಬಗೆಯ ಸಾರನ್ನು ಒಂದರ ಮೇಲೊಂದು ಸುರಿಸಿಕೊಳ್ಳಬೇಕು.

ಇಬ್ಬರಿದ್ದಾಗ ಈ ವ್ಯವಸ್ಥೆ ಎಷ್ಟು ಅನುಕೂಲ ಎಂಬುದನ್ನು ವಿವರಿಸಲೇಬೇಕು. ಒಂಟಿಯಾಗಿ ಹೋದವರು ಒಂದು ತಟ್ಟೆ, ಹೆಚ್ಚೆಂದರೆ ಎರಡು ತಟ್ಟೆಗೆ ಮುಗಿಸುತ್ತಾರೆ. ನಾಲ್ಕು ಜನರಿದ್ದರೆ ಮೇಜು ಸಿಗುವುದೇ ಕಷ್ಟ. ಇಬ್ಬರಿಗೆ ಎಲ್ಲವೂ ಸರಿಹೊಂದುತ್ತದೆ: ಒಬ್ಬರು ಮೇಜು ಹಿಡಿದು ಕೂರಿ, ಇನ್ನೊಬ್ಬರು ಅಂಗಡಿಯಿಂದ ಅಂಗಡಿಗೆ ಹೋಗಿ ಮೇಜಿನ ಸಂಖ್ಯೆ ಹೇಳಿ ಬನ್ನಿ. ತಟ್ಟೆಗಳು ಚಿಕ್ಕವು, ಹಂಚಿಕೊಂಡು ತಿನ್ನಬಹುದು, ಬಂದಾಗ ಹಣ ಕೊಡಬೇಕು. ಮೇಜಿನ ಬಳಿಗೆ ಪಾನೀಯ ಕೇಳಲು ಬರುವವರನ್ನು ವಾಪಸು ಕಳುಹಿಸಬೇಡಿ. ಮೇಜು ಸಾಮಾನ್ಯವಾಗಿ ಪಾನೀಯದ ಅಂಗಡಿಯವರದ್ದು; ತಲೆಗೊಂದು ಕಾಫಿಯನ್ನೋ ಬಾರ್ಲಿ ನೀರನ್ನೋ ಹೇಳುವುದು ಅಲ್ಲಿನ ಮರ್ಯಾದೆ.

ಸಸ್ಯಾಹಾರಿಗೆ? ಇಲ್ಲಿ ನೇರವಾಗಿ ಹೇಳುತ್ತೇನೆ: ಪೆನಾಂಗಿನ ಹೆಸರಾದ ತಿನಿಸುಗಳಲ್ಲಿ ಹೆಚ್ಚಿನವು ಸಸ್ಯಾಹಾರಿಗೆ ನಿಲುಕುವುದಿಲ್ಲ. ಚಾರ್ ಕ್ವೇ ತಿಯಾವ್‌ಗೆ ಹಂದಿಯ ಕೊಬ್ಬು, ಹೊಕ್ಕಿಯನ್ ಮೀ ಎಂಬ ನೂಡಲ್ಸ್‌ಗೆ ಸೀಗಡಿಯ ಸಾರು, ತರಕಾರಿ ಪಲ್ಯಕ್ಕೂ ಬೆಲಾಚನ್ ಎಂಬ ಸೀಗಡಿಯ ಗಟ್ಟಿ. ತಾಳೆಬೆಲ್ಲ, ತೆಂಗಿನ ಹಾಲು, ಹಸಿರು ಎಳೆಗಳ ತಣ್ಣನೆಯ ಸಿಹಿ ಚೆಂಡೋಲ್ ಇದೆ, ಆಪ್ಪದಂಥ ಆಪೊಮ್ ಇದೆ, ಪರೋಟದಂಥ ರೋಟಿ ಚನಾಯ್ ಇದೆ. ಆದರೆ ರೋಟಿಯ ಜೊತೆಗಿನ ಸಾರು ಮೀನಿನದ್ದಿರಬಹುದು. ದಾಲ್ ಮಾತ್ರ ಕೊಡಿ ಎನ್ನಬೇಕು, ದಾಲ್ಚಾ ಆಗಿದ್ದರೆ ಅದರಲ್ಲಿ ಮಾಂಸ ಇದೆಯೇ ಎಂದೂ ಕೇಳಬೇಕು. ಲಿಟಲ್ ಇಂಡಿಯಾದಲ್ಲಿ ಬಾಳೆಎಲೆಯ ಊಟಕ್ಕೆ ಕೊರತೆಯಿಲ್ಲ. ಆದರೆ ಮಲೇಷ್ಯಾದವರೆಗೆ ಹೋಗಿ ಸಾಂಬಾರ್ ಅನ್ನಕ್ಕೇ ಅಂಟಿಕೊಂಡರೆ ಹೋದ ಉದ್ದೇಶ ಈಡೇರುವುದಿಲ್ಲ.

ಇದಕ್ಕೊಂದು ಸುಂದರವಾದ ಅಪವಾದವಿದೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿನ ಚೀನೀಯರು ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ ಆಚರಿಸುತ್ತಾರೆ. ಅನೇಕ ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ಹೊತ್ತಿಗೇ ಬೀಳುತ್ತದೆ. ಭಕ್ತರು ಬಿಳಿ ಬಟ್ಟೆ ಉಟ್ಟು ಒಂಬತ್ತು ದಿನವೂ ಸಸ್ಯಾಹಾರ ಮಾಡುತ್ತಾರೆ. ಗುಡಿಗಳ ಸುತ್ತ ಹಳದಿ ಬಾವುಟ ಕಟ್ಟಿದ ಅಂಗಡಿಗಳು ಎದ್ದುನಿಲ್ಲುತ್ತವೆ, ಅದೇ ನೂಡಲ್ಸ್, ಅದೇ ಲಕ್ಸಾ, ಮಾಂಸ-ಮೀನು ಏನೂ ಇಲ್ಲದೆ. ಮಳೆಯ ತಿಂಗಳಾದರೂ ಸರಿ, ಒಬ್ಬ ಸಸ್ಯಾಹಾರಿ ಪೆನಾಂಗಿಗೆ ಹೋಗಬೇಕಾದ ಕಾಲ ಇದೇ. ಮಿಕ್ಕ ದಿನಗಳಲ್ಲಿಯೂ ಚೀನೀ ಬೌದ್ಧರ ಸಸ್ಯಾಹಾರದ ಹೋಟೆಲುಗಳು ತೆರೆದಿರುತ್ತವೆ; ಆದರೆ ಅಲ್ಲಿ ಬೀದಿಯ ಆ ಗದ್ದಲ ಇರುವುದಿಲ್ಲ.

ಹಲಾಲ್ ನೋಡುವ ಗೆಳೆಯರಿಗೆ ಮೂರೂ ಕಡೆಗಳಲ್ಲಿ ಪೆನಾಂಗ್ ಅತ್ಯುತ್ತಮ. ಮಲಯ್ ಮತ್ತು ತಮಿಳು ಮುಸ್ಲಿಮರ ಅಂಗಡಿಗಳಲ್ಲಿ ಅನುಮಾನವೇ ಬೇಕಿಲ್ಲ. ಚೀನೀ ಅಂಗಡಿಗಳ ಸಾಲಿನಲ್ಲಿ ಮಾತ್ರ ಕೇಳಿ ಕೂರಬೇಕು. ರಂಜಾನ್ ತಿಂಗಳಲ್ಲಿ ಹೋದರೆ ಸಂಜೆಯ ಬಜಾರುಗಳು ತುಂಬಿ ತುಳುಕುತ್ತವೆ, ಹಗಲಿನಲ್ಲಿ ಚೀನೀ ಮತ್ತು ಹಿಂದೂ ಅಂಗಡಿಗಳು ತೆರೆದೇ ಇರುತ್ತವೆ.

ಹುಯೆ ಮತ್ತು ಹೊಯಿ ಆನ್: ನಿರೀಕ್ಷೆ ತಲೆಕೆಳಗಾಗುವ ಕಡೆ

ವಿಯೆಟ್ನಾಂ ಎಂದೊಡನೆ ನಮ್ಮ ಸಸ್ಯಾಹಾರಿಗಳು ಹಿಂಜರಿಯುತ್ತಾರೆ. ಹನೋಯ್ ನಗರದ ಮಾಂಸದ ಸಾರಿನ ನೂಡಲ್ಸ್ ಫೊ, ಹಂದಿಮಾಂಸದ ಬುನ್ ಚಾ, ಎಲ್ಲದಕ್ಕೂ ಸುರಿಯುವ ಮೀನಿನ ದ್ರವ ಇವನ್ನೆಲ್ಲ ಕೇಳಿದ ಮೇಲೆ ಆ ಹಿಂಜರಿಕೆ ಸಹಜವೇ. ಆದರೆ ದೇಶದ ನಡುಭಾಗದ ಹುಯೆ ಊರಿಗೆ ಬಂದರೆ ಕಥೆ ಬೇರೆ. 1802ರಿಂದ 1945ರವರೆಗೆ ನುಯೆನ್ ವಂಶದ ಹದಿಮೂರು ಅರಸರ ರಾಜಧಾನಿ ಇದು. ಮಹಾಯಾನ ಬೌದ್ಧರ ವಿಹಾರಗಳು ಊರಿನ ತುಂಬ ಇವೆ. ಅರಮನೆಯ ಅಡುಗೆಯ ಅಚ್ಚುಕಟ್ಟೂ ವಿಹಾರಗಳ ಶಾಕಾಹಾರವೂ ಇಲ್ಲಿ ಕೂಡಿಕೊಂಡು ಚಾಯ್ ಎಂಬ ಸಂಪೂರ್ಣ ಸಸ್ಯಾಹಾರದ ಪಾಕಪದ್ಧತಿ ಬೆಳೆದಿದೆ. ಎಳೆ ಹಲಸು, ಬಾಳೆಹೂವು, ಅಣಬೆ, ತೋಫು, ಬಗೆಬಗೆಯ ಸೊಪ್ಪು. ಮೀನಿನ ದ್ರವದ ಬದಲು ಸೋಯಾ. ವಿಹಾರದ ಪದ್ಧತಿಯಲ್ಲಿ ಈರುಳ್ಳಿ ಬೆಳ್ಳುಳ್ಳಿಗೂ ಜಾಗವಿಲ್ಲ. ಮನೆಯಲ್ಲಿ ಅವೆರಡನ್ನೂ ತಿನ್ನದ ನಮ್ಮ ಕಡೆಯವರಿಗೆ ಹೊರದೇಶದಲ್ಲಿ ಹೀಗೆ ನೆಮ್ಮದಿಯಾಗಿ ಕೂತು ಉಣ್ಣುವ ಅವಕಾಶ ಬಲು ಅಪರೂಪ. ಗೆಡ್ಡೆಗಳನ್ನೂ ಬಿಡುವ ಜೈನರು ಮಾತ್ರ ಪ್ರತ್ಯೇಕವಾಗಿ ವಿಚಾರಿಸಬೇಕು.

ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ, ಅಂದರೆ ಚಾಂದ್ರಮಾಸದ ಮೊದಲ ಹಾಗೂ ಹದಿನೈದನೆಯ ದಿನ, ಬೌದ್ಧರಲ್ಲಿ ಅನೇಕರು ಸಸ್ಯಾಹಾರ ಮಾಡುತ್ತಾರೆ. ಆ ದಿನ ಮಾರುಕಟ್ಟೆಯ ಮೂಲೆಯ ಅಂಗಡಿಗಳೂ ಚಾಯ್ ಹಲಗೆ ತೂಗುತ್ತವೆ. ಮಾಂಸ ತಿನ್ನುವ ಗೆಳೆಯರೂ ಆ ಒಂದು ದಿನ ಊರಿನವರೊಡನೆ ಅದನ್ನೇ ಉಣ್ಣಲಿ ಎಂಬುದು ನನ್ನ ಆಗ್ರಹದ ಸಲಹೆ. ಹುಯೆ ಯಾಕೆ ಹುಯೆ ಎಂಬುದು ಅರಮನೆಯ ಗೋಡೆಗಿಂತ ಆ ತಟ್ಟೆಯಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮಾಂಸಾಹಾರಿಗೆ ಇಲ್ಲಿ ಕೊರತೆಯೇನಿಲ್ಲ. ಮಜ್ಜಿಗೆಹುಲ್ಲಿನ ಪರಿಮಳದ, ಖಾರವಾದ ಬುನ್ ಬೋ ಹುಯೆ ಎಂಬ ನೂಡಲ್ಸ್ ಸಾರು ಬೆಳಗಿನ ತಿಂಡಿಗೆ ಸಿಗುತ್ತದೆ. ದನದ ಮತ್ತು ಹಂದಿಯ ಮಾಂಸ ಎರಡೂ ಇರುವುದರಿಂದ ಮೊದಲೇ ತಿಳಿದಿರಿ. ಸಣ್ಣ ಬಟ್ಟಲುಗಳಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಬಾನ್ ಬೇವ್ ಮೇಲೆ ಸೀಗಡಿ ಪುಡಿ. ನದಿಯ ಪುಟ್ಟ ಮರುವಾಯಿಗಳನ್ನು ತಣ್ಣನೆಯ ಅನ್ನದೊಡನೆ ಕಲಸುವ ಕೋಮ್ ಹೆನ್. ಕರಾವಳಿಯವರಿಗೆ ಈ ಕೋಮ್ ಹೆನ್ ಕೂಡಲೇ ಹತ್ತಿರವಾಗುತ್ತದೆ. ಮುಖ್ಯ ಸಮಸ್ಯೆ ಬೇರೆ: ಚಾಯ್ ಹೋಟೆಲಿನಲ್ಲಿ ಮಾಂಸ ಇಲ್ಲ, ಬುನ್ ಬೋ ಅಂಗಡಿಯಲ್ಲಿ ಚಾಯ್ ಇಲ್ಲ. ಇಬ್ಬರೂ ತಮ್ಮ ತಮ್ಮ ಇಷ್ಟದ್ದನ್ನು ಒಂದೇ ಮೇಜಿನಲ್ಲಿ ಉಣ್ಣುವುದು ಹುಯೆಯಲ್ಲಿ ಶ್ರೀಲಂಕಾದಷ್ಟು ಸುಲಭವಲ್ಲ. ಬೆಳಗಿನ ತಿಂಡಿಗೆ ಬೇರೆ ಬೇರೆ ಹೋಗಿ, ಮಧ್ಯಾಹ್ನ ಚಾಯ್, ಸಂಜೆ ಪ್ರವಾಸಿಗರ ಹೋಟೆಲ್ ಎಂದು ಹಂಚಿಕೊಂಡರೆ ತೊಡಕಿಲ್ಲ. ಬೇರೆ ಬೇರೆ ಹೋಗುವುದಕ್ಕೆ ಸಂಕೋಚಪಡದ ಸ್ನೇಹಕ್ಕೆ ಈ ಊರು ಒಪ್ಪುತ್ತದೆ. ಇನ್ನೊಂದು ಮಾತು, ತಿಂಡಿಯ ಅಂಗಡಿಗಳು ಬೆಳಗಿನ ಜಾವವೇ ತೆರೆದು ಬೇಗ ಖಾಲಿಯಾಗುತ್ತವೆ. ಇಬ್ಬರಲ್ಲಿ ತಡವಾಗಿ ಏಳುವವರು ಯಾರೋ ಅವರೇ ಸೋಲುತ್ತಾರೆ.

ಕಾಫಿಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಕಾಫಿ ಬೆಳೆಯುವ ನಾಡಿನಿಂದ ಹೋಗುತ್ತಿದ್ದೇವೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ. ಅದರಲ್ಲಿ ಬಹುಪಾಲು ರೊಬಸ್ಟಾ. ಕೊಡಗಿನ ಬೆಳೆಗಾರರ ಮನೆಯವರು ಅಲ್ಲಿ ಫಿನ್ ಎಂಬ ಪುಟ್ಟ ಲೋಹದ ಸೋಸುಪಾತ್ರೆಯಿಂದ ಹನಿಹನಿಯಾಗಿ ಇಳಿಯುವ ಡಿಕಾಕ್ಷನ್ ನೋಡಿದರೆ ಮನೆಯ ಫಿಲ್ಟರ್ ನೆನಪಾಗದೆ ಇರದು. ಅದರಡಿಗೆ ಗಟ್ಟಿ ಸಿಹಿಹಾಲು. ಹುಯೆಯದೇ ಆದ ಉಪ್ಪಿನ ಕಾಫಿಯೂ ಇದೆ, ನೊರೆಯಲ್ಲಿ ಚಿಟಿಕೆ ಉಪ್ಪು ಬೆರೆಸಿದ್ದು. ನದಿಯ ದಡದ ಕುಳ್ಳ ಕುರ್ಚಿಗಳ ಮೇಲೆ ಇಬ್ಬರು ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸುವುದಿಲ್ಲ. ಮಾತಿಗಾಗಿಯೇ ಹೋಗುವ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಜಾಗ ಮೂರರಲ್ಲಿ ಇನ್ನೊಂದಿಲ್ಲ.

ಹುಯೆಯಿಂದ ದಾನಾಂಗ್‌ಗೆ ರೈಲಿನಲ್ಲಿ ಹೋಗಿ. ಹಾಯ್ ವಾನ್ ಘಟ್ಟದಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆಳಗೆ ಸಮುದ್ರ. ಅಲ್ಲಿಂದ ಹೊಯಿ ಆನ್ ಹತ್ತಿರ. ಹಳೆಯ ಬಂದರು ಪಟ್ಟಣ, ಜಪಾನೀ, ಚೀನೀ ವರ್ತಕರ ಮನೆಗಳು, 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅಡುಗೆ ಕಲಿಸುವ ಮನೆಗಳು ಇಲ್ಲಿ ಬಹಳ. ಬೆಳಿಗ್ಗೆ ಮಾರುಕಟ್ಟೆಗೆ ಕರೆದೊಯ್ದು, ಪಕ್ಕದ ತ್ರಾ ಕ್ವೆ ಹಳ್ಳಿಯ ಸೊಪ್ಪಿನ ಮಡಿಗಳನ್ನು ತೋರಿಸಿ, ಆಮೇಲೆ ಒಲೆಯ ಮುಂದೆ ನಿಲ್ಲಿಸುತ್ತಾರೆ. ಆ ಹಳ್ಳಿಯವರು ನದಿಯ ಜೊಂಡನ್ನು ಗೊಬ್ಬರವಾಗಿ ಹಾಕಿ ಪುದೀನ, ತುಳಸಿಯ ಜಾತಿಯ ಸೊಪ್ಪುಗಳನ್ನು ಬೆಳೆಯುತ್ತಾರೆ. ಒಬ್ಬರಿಗೆ ತೋಫು, ಇನ್ನೊಬ್ಬರಿಗೆ ಸೀಗಡಿ ಎಂದರೆ ಕಲಿಸುವವರು ಒಪ್ಪಿಕೊಳ್ಳುತ್ತಾರೆ. ವಿಯೆಟ್ನಾಮಿನಲ್ಲಿ ಒಂದೇ ಮೇಜಿನ ತೊಡಕಿಗೆ ನಾನು ಸೂಚಿಸುವ ಪರಿಹಾರ ಇದು: ನೀವೇ ಬೇಯಿಸಿ, ಒಟ್ಟಿಗೆ ಕೂತು ತಿನ್ನಿ.

ಹೊಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಿ ಸಾನ್ ಕಣಿವೆ. ಹಿಂದೆ ಮಧ್ಯ ವಿಯೆಟ್ನಾಮನ್ನು ಆಳಿದ ಚಂಪಾ ಅರಸರು ನಾಲ್ಕನೆಯ ಶತಮಾನದಿಂದ ಅಲ್ಲಿ ಶಿವನನ್ನು ಪೂಜಿಸಿದರು. ಭದ್ರವರ್ಮ ಎಂಬ ಅರಸ ಪ್ರತಿಷ್ಠಾಪಿಸಿದ ಲಿಂಗದ ಹೆಸರು ಭದ್ರೇಶ್ವರ. ಸಂಸ್ಕೃತ ಶಾಸನಗಳು, ಸುಟ್ಟ ಇಟ್ಟಿಗೆಯ ಗೋಪುರಗಳು. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಅತ್ಯಂತ ಎತ್ತರದ ಗೋಪುರವೇ ಉರುಳಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದೆ. 2020ರಲ್ಲಿ ಆ ಕೆಲಸದ ನಡುವೆ ಒಂಬತ್ತನೆಯ ಶತಮಾನದ್ದೆಂದು ಹೇಳಲಾದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಹಂಪಿ, ಪಟ್ಟದಕಲ್ಲು ನೋಡಿದ ಕಣ್ಣುಗಳಿಗೆ ಇಲ್ಲಿ ಓದಲು ಬಹಳ ಇದೆ. ಬಿಸಿಲು ಏರುವ ಮೊದಲು ಹೋಗಿ.

ಹಾಗಾದರೆ ಯಾರಿಗೆ ಯಾವುದು

ಒಬ್ಬರು ಕಟ್ಟಾ ಸಸ್ಯಾಹಾರಿ, ಇನ್ನೊಬ್ಬರು ಮೀನು-ಮಾಂಸ ತಿನ್ನುವವರು, ಇಬ್ಬರೂ ಒಟ್ಟಿಗೇ ಉಣ್ಣಬೇಕೆನ್ನುವವರು: ಶ್ರೀಲಂಕಾ. ಇದರಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಇಬ್ಬರೂ ಎಲ್ಲವನ್ನೂ ತಿನ್ನುವವರಾದರೆ, ಅಥವಾ ಇಬ್ಬರೂ ಹಲಾಲ್ ನೋಡುವವರಾದರೆ, ಪೆನಾಂಗ್. ಅಷ್ಟು ಚಿಕ್ಕ ಊರಿನಲ್ಲಿ ಅಷ್ಟು ಬಗೆ ಬೇರೆಲ್ಲೂ ಸಿಗುವುದು ಕಷ್ಟ. ಇಬ್ಬರೂ ಸಸ್ಯಾಹಾರಿಗಳಾದರೆ ಹುಯೆ, ಶ್ರೀಲಂಕಾಕ್ಕಿಂತಲೂ ಮೊದಲು. ಪರಿಚಿತ ದೋಸೆ, ಬೇಳೆ ಬಿಟ್ಟು ಸಸ್ಯಾಹಾರದಲ್ಲೇ ಹೊಸದನ್ನು ಕಾಣಬೇಕೆಂದರೆ ಅಲ್ಲಿಗೇ ಹೋಗಬೇಕು. ಹಂದಿಮಾಂಸ ಕಡ್ಡಾಯವಾಗಿ ಬಿಡುವವರಿಗೆ ಮಾತ್ರ ಹುಯೆ ಹಿಂಸೆಯಾಗಬಹುದು; ಚಾಯ್ ಹೋಟೆಲನ್ನೇ ನಂಬಿದರೆ ತೊಡಕಿಲ್ಲ.

ನಡಿಗೆಯ ವಿಚಾರವೂ ಇದೆ. ಮಂಡಿ ನೋವಿರುವ ಸ್ನೇಹಿತರೊಡನೆ ಹೋಗುವವರಿಗೆ ಜಾರ್ಜ್ ಟೌನ್ ಅನುಕೂಲ. ಸಮತಟ್ಟಾದ ಊರು, ಹಳೆಯ ಪೇಟೆಯೊಳಗೆ ಉಚಿತ ಬಸ್ ಓಡುತ್ತದೆ. ಹುಯೆಯ ಅರಸರ ಸಮಾಧಿಗಳು ಊರಾಚೆ ಚದುರಿವೆ, ಮೆಟ್ಟಿಲುಗಳೂ ಬಹಳ. ಜಾಫ್ನಾ ಕೊಲಂಬೊದಿಂದ ರೈಲಿನಲ್ಲಿ ಬಹುತೇಕ ಒಂದು ಹಗಲಿನ ದಾರಿ.

ಹಣದ ಲೆಕ್ಕದಲ್ಲಿ ಮೂರೂ ಕೈಗೆಟಕುವಂಥವು, ದುಬಾರಿಯಾಗುವುದು ವಿಯೆಟ್ನಾಂ ವಿಮಾನ. ವಿಯೆಟ್ನಾಂ ನೋಟುಗಳಲ್ಲಿ ಸೊನ್ನೆಗಳು ಬಹಳ. 20,000 ಮತ್ತು 5,00,000 ಡಾಂಗ್ ನೋಟುಗಳು ಎರಡೂ ನೀಲಿಯ ಛಾಯೆಯವು, ಕತ್ತಲಲ್ಲಿ ಅದಲುಬದಲಾಗುತ್ತವೆ. ಇಬ್ಬರ ಹಣವನ್ನು ಒಂದೇ ಚೀಲಕ್ಕೆ ಹಾಕಿ, ಊಟ ಮತ್ತು ಸವಾರಿಯನ್ನು ಅದರಿಂದಲೇ ಕೊಡುವುದು ಒಳ್ಳೆಯದು. ಆದರೆ ಸಸ್ಯಾಹಾರಿ ಏಡಿಯ ಬೆಲೆ ಹಂಚಿಕೊಳ್ಳಬೇಕಾಗಿಲ್ಲ. ದುಬಾರಿ ಸಮುದ್ರಾಹಾರವನ್ನು ತಿಂದವರೇ ಕೊಡಲಿ ಎಂದು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್‌ಗೆ ಮೊದಲು ಆಯಾ ದೇಶದ ಅಧಿಕೃತ ಜಾಲತಾಣ ನೋಡಿ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನಗಳವರೆಗೆ ವೀಸಾರಹಿತ ಪ್ರವೇಶ ನೀಡುತ್ತಿದೆ, ಆನ್‌ಲೈನ್ ಆಗಮನ ಪತ್ರ ತುಂಬಬೇಕು. ವಿಯೆಟ್ನಾಂ 90 ದಿನಗಳವರೆಗಿನ ಇ-ವೀಸಾ ಕೊಡುತ್ತದೆ. ಶ್ರೀಲಂಕಾಕ್ಕೆ ಮುಂಗಡ ಆನ್‌ಲೈನ್ ಅನುಮತಿಯ ವ್ಯವಸ್ಥೆಯಿದೆ.

ಪಂಚಾಂಗ ನೋಡಿ ಟಿಕೆಟ್ ಕೊಳ್ಳಿ

ಈ ಮೂರು ನಾಡುಗಳ ಊಟ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಮದ್ಯ ಮತ್ತು ಮಾಂಸದ ಮಾರಾಟ ಇಲ್ಲ. ವೈಶಾಖದ ಹುಣ್ಣಿಮೆಯಾದರೆ ಬೀದಿಬೀದಿಯಲ್ಲಿ ದನ್ಸಲ್ ಎಂಬ ಚಪ್ಪರ ಹಾಕಿ ದಾರಿಹೋಕರಿಗೆಲ್ಲ ಅನ್ನ, ಪಾನಕ ಉಚಿತವಾಗಿ ಹಂಚುತ್ತಾರೆ. ಸಾಲಿನಲ್ಲಿ ನಿಂತು ಆ ಊಟ ಮಾಡಿ. ವಿದೇಶಿಯರೆಂದು ಯಾರೂ ಬೇರೆ ಮಾಡುವುದಿಲ್ಲ. ಹೊಯಿ ಆನ್‌ನಲ್ಲಿ ಹುಣ್ಣಿಮೆಯ ಹಿಂದಿನ ರಾತ್ರಿ, ಚಾಂದ್ರಮಾಸದ ಹದಿನಾಲ್ಕನೆಯ ದಿನ, ಹಳೆಯ ಪೇಟೆಯ ವಿದ್ಯುದ್ದೀಪ ತಗ್ಗಿಸಿ ಕಾಗದದ ದೀಪ ಹಚ್ಚುತ್ತಾರೆ. ಮಾರನೆಯ ದಿನ ಹುಯೆಯಲ್ಲಿದ್ದರೆ ಊರಿನ ಅನೇಕರು ಚಾಯ್ ಉಣ್ಣುವ ದಿನ ನಿಮ್ಮದಾಗುತ್ತದೆ.

ತಪ್ಪಿಸಬೇಕಾದ ದಿನಗಳೂ ಇವೆ. ಜನವರಿ ಕಡೆಯಿಂದ ಫೆಬ್ರವರಿ ನಡುವಿನವರೆಗೆ ಎಲ್ಲೋ ಬರುವ ಚಾಂದ್ರಮಾನ ಹೊಸವರ್ಷದಲ್ಲಿ ವಿಯೆಟ್ನಾಮಿನ ಅಂಗಡಿಗಳೂ ಪೆನಾಂಗಿನ ಚೀನೀ ಅಂಗಡಿಗಳೂ ಹಲವು ದಿನ ಮುಚ್ಚಿರುತ್ತವೆ. ಏಪ್ರಿಲ್ 13-14ರ ಸಿಂಹಳ-ತಮಿಳು ಹೊಸವರ್ಷಕ್ಕೆ ಕೊಲಂಬೊ ಖಾಲಿ. ಯಾರದಾದರೂ ಮನೆಯ ಆಹ್ವಾನ ಇದ್ದರೆ ಮಾತ್ರ ಆಗ ಹೋಗಿ, ಕಿರಿಬತ್ ಎಂಬ ತೆಂಗಿನ ಹಾಲಿನ ಅನ್ನವನ್ನು ಮನೆಯವರ ಕೈಯಿಂದಲೇ ತಿನ್ನಬಹುದು. ಹುಯೆಯಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ನೆರೆ ಬರುವುದುಂಟು. ಫೆಬ್ರವರಿಯಿಂದ ಏಪ್ರಿಲ್ ಹಿತ. ಜಾಫ್ನಾಕ್ಕೆ ವರ್ಷದ ಕೊನೆಯ ತಿಂಗಳುಗಳಲ್ಲಿ ಈಶಾನ್ಯ ಮಳೆ. ಶ್ರೀಲಂಕಾದ ದಕ್ಷಿಣದ ಗಾಲ್ ಮತ್ತು ಕೊಲಂಬೊಗಳಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು.

ಇಬ್ಬರಿಗೂ ರಜೆ ಸಿಗುವುದು ದಸರೆಗೆ ಮಾತ್ರ ಎಂದಾದರೆ ಆ ವರ್ಷದ ಚೀನೀ ಒಂಬತ್ತನೆಯ ತಿಂಗಳು ಎಂದು ಆರಂಭವಾಗುತ್ತದೆ ನೋಡಿ. ಅದು ನವರಾತ್ರಿಗೆ ಕೂಡಿ ಬಂದರೆ ಕೊಡೆ ಹಿಡಿದು ಪೆನಾಂಗಿಗೆ ಹೊರಡಿ. ಕೂಡಿ ಬರದಿದ್ದರೆ ಕೊಲಂಬೊಗೆ ಟಿಕೆಟ್ ತೆಗೆಯಿರಿ.